ದಳವಾಯಿ ಮನೆಯ ಬೀಗ ಮತ್ತು ನಮ್ಮ ನಂಜುಂಡಾಚಾರಿ

ಕೊಲೆ ಮಾಡಿದವನು ಪಾರುಪತ್ತೇಗಾರ.

ಹೇಳಿಬಿಟ್ಟೆ. ಬರುವ ಭಾನುವಾರದಿಂದ ರೇಡಿಯೊದಲ್ಲಿ ಮತ್ತೆ ಶುರುವಾಗಲಿರುವ ‘ದಳವಾಯಿ ಮನೆಯ ಬೀಗ’ ನಾಟಕದ ಗುಟ್ಟು ಇಷ್ಟೇ. ಹದಿಮೂರು ವಾರ ಕಾದು ಕೂತು ನೀವು ತಿಳಿದುಕೊಳ್ಳಬೇಕಾಗಿದ್ದನ್ನು ನಾನು ಮೊದಲನೇ ಸಾಲಿನಲ್ಲೇ ಒದರಿದ್ದೇನೆ. ಬೈಯುವವರು ಧಾರಾಳವಾಗಿ ಬೈಯಬಹುದು. ಕಾರ್ಡು ಬರೆಯಲು ಕೂರುವ ಮೊದಲು ಮಾತ್ರ ದಯವಿಟ್ಟು ಪೂರ್ತಿ ಓದಿ.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಚಟ ಗೊತ್ತು. ರಾಜರ ಕಾಲದ ಕೊಲೆ, ಪಾಳೆಯಗಾರರ ಕಾಲದ ಕಳ್ಳತನ, ಕೋಟೆಯೊಳಗೆ ಕಾಣೆಯಾದ ಉಂಗುರ. ಇಂಥ ನಾಟಕ ಯಾವ ಸ್ಟೇಷನ್ನಿನಲ್ಲಿ ಬಂದರೂ ನನ್ನ ಕಿವಿ ಅಲ್ಲಿರುತ್ತದೆ. ಯಾವುದನ್ನು ಕೇಳಬೇಕು, ಯಾವುದು ಬಂದಾಗ ರೇಡಿಯೊ ಆರಿಸಿ ಮಲಗಬೇಕು ಎಂದು ನಿಮಗೆ ಶಿಫಾರಸು ಮಾಡುತ್ತಾ ಬಂದಿದ್ದೇನೆ. (ದಿಲ್ಲಿ, ಬೊಂಬಾಯಿ ಕಡೆ ಟೆಲಿವಿಷನ್ ಅಂತ ಬಂದಿದೆಯಂತೆ. ಕೊಲೆಗಾರನ ಮುಖವೇ ಕಾಣಿಸುತ್ತದಂತೆ. ನಮ್ಮ ಹೆಗ್ಗಡದೇವನಕೋಟೆಗೆ ಅದೆಲ್ಲ ಆಮೇಲೆ. ಮೊದಲು ಕರೆಂಟು ನೆಟ್ಟಗೆ ಬರಲಿ.)

ನಮ್ಮಂಥ ಅಭಿಮಾನಿಗಳಿಗೆ ಇರುವುದು ಒಂದೇ ನಿಯಮ. ಕೊನೆ ಹೇಳಬಾರದು. ಪತ್ತೇದಾರಿ ಕತೆಯ ಕೊನೆ ಹೇಳುವವನೂ ಒಂದೇ, ಊಟಕ್ಕೆ ಕೂತವನ ಮುಂದಿನ ಎಲೆ ಎಳೆಯುವವನೂ ಒಂದೇ ಎಂದು ಇದೇ ಜಾಗದಲ್ಲಿ ಬರೆದವನು ನಾನು. ಕೆ.ಆರ್. ನಗರದ ಮೇಷ್ಟರೊಬ್ಬರು ಬಾಯಿ ತಪ್ಪಿ ಹೆಂಡತಿಗೆ ಕೊನೆ ಹೇಳಿ ಎರಡು ದಿನ ಕಾಫಿ ಕಾಣಲಿಲ್ಲವಂತೆ. ತಕ್ಕ ಶಾಸ್ತಿ ಆಯಿತು ಎಂದು ಅವರಿಗೆ ಉತ್ತರ ಬರೆದಿದ್ದೆ. ಪಿರಿಯಾಪಟ್ಟಣದ ಓದುಗರೊಬ್ಬರು ಎಲೆಯ ಆ ಮಾತನ್ನು ಕತ್ತರಿಸಿ ತಮ್ಮ ರೇಡಿಯೊ ಪಕ್ಕದ ಗೋಡೆಗೆ ಅಂಟಿಸಿದ್ದಾರಂತೆ. ಅವರು ಇವತ್ತೇ ಅದನ್ನು ಕಿತ್ತುಹಾಕಲಿ.

ಈಗ ನಂಜುಂಡಾಚಾರಿಯ ವಿಷಯಕ್ಕೆ ಬರುತ್ತೇನೆ.

ನಂಜುಂಡ ಸರಗೂರಿನ ಕಮ್ಮಾರ. ನಾನೂ ಅವನೂ ಅಲ್ಲೇ ನಾಲ್ಕನೇ ಕ್ಲಾಸಿನವರೆಗೆ ಒಂದೇ ಮಣೆಯ ಮೇಲೆ ಕೂತವರು. ಆಮೇಲೆ ನಾನು ಪುಸ್ತಕ ಹಿಡಿದು ಗುಮಾಸ್ತನಾದೆ, ಅವನು ಸುತ್ತಿಗೆ ಹಿಡಿದು ಆಚಾರಿಯಾದ. ಕುಡುಗೋಲು, ಮಚ್ಚು, ನೇಗಿಲ ಗುಳ ಎಲ್ಲ ಮಾಡುತ್ತಿದ್ದ. ಆದರೆ ಅವನ ಕೈ ನಿಜವಾಗಿ ಕುಣಿಯುತ್ತಿದ್ದದ್ದು ಬೀಗದ ಮೇಲೆ. ಎಂಥ ಬೀಗವಾದರೂ ಸರಿ, ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿ, ಒಳಗೆ ಏನು ಮುರಿದಿದೆ ಅಂತ ಹೇಳಿಬಿಡುತ್ತಿದ್ದ.

ಹೇಳುತ್ತಿದ್ದ ಅಂದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಅದು ನಿಂತುಹೋಯಿತು.

ಊರಿನ ಒಂದು ಜವಳಿ ಅಂಗಡಿಯಲ್ಲಿ ಕಳ್ಳತನವಾಯಿತು. ಬಾಗಿಲು ಮುರಿದಿರಲಿಲ್ಲ, ಬೀಗ ಒಡೆದಿರಲಿಲ್ಲ. ಸೀರೆಯ ಗಂಟುಗಳು ಮಾತ್ರ ಇರಲಿಲ್ಲ. ಬೀಗ ಒಡೆಯದೆ ತೆಗೆಯುವವನು ಊರಲ್ಲಿ ಯಾರು? ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಪೊಲೀಸರು ಬಂದು ನಂಜುಂಡನನ್ನು ಕರೆದುಕೊಂಡು ಹೋದರು. ಮೂರು ದಿನ ಇಟ್ಟುಕೊಂಡರು. ಮನೆಯಲ್ಲಿ ಒಂದು ದಾರದ ಎಳೆ ಕೂಡ ಸಿಗಲಿಲ್ಲ, ಬಿಟ್ಟರು. ಕಳ್ಳ ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಬಿಟ್ಟರೇನು ಬಂತು? ಅವನದಲ್ಲ ತಪ್ಪು ಅಂತ ಯಾರೂ ಡಂಗುರ ಹೊಡೆಸಲಿಲ್ಲ. ಅವತ್ತಿನಿಂದ ಊರಿನವರು ಬೀಗ ಕೆಟ್ಟರೆ ಮೈಸೂರಿಗೆ ಹೋಗತೊಡಗಿದರು. ಅವನು ಅಂಗಡಿ ಬೀದಿಯಲ್ಲಿ ನಿಂತರೆ ಗಲ್ಲಾದ ಮೇಲೆ ಕೂತವರು ಒಂದು ಸಲ ಬಾಗಿಲ ಕಡೆ ನೋಡುತ್ತಿದ್ದರು. ಅವನು ಬೀಗದ ಸಾಮಾನೆಲ್ಲ ಒಂದು ತಗಡಿನ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದ. ಆ ವಿಷಯವನ್ನು ನನ್ನ ಹತ್ತಿರವೂ ಆಡಲಿಲ್ಲ. ನಾನೂ ಕೇಳಲಿಲ್ಲ.

ಹೋದ ವರ್ಷ ನಂಜುಂಡ ಹಾಸಿಗೆ ಹಿಡಿದ. ಎದೆಯ ಕಾಯಿಲೆ. ಅಷ್ಟು ವರ್ಷ ಕುಲುಮೆಯ ಹೊಗೆ ಕುಡಿದ ಎದೆ. ಮೈಸೂರಿನ ಡಾಕ್ಟರು ನೋಡಿ, ಅವನ ಹೆಂಡತಿ ಗೌರಮ್ಮನನ್ನೂ ನನ್ನನ್ನೂ ಹೊರಗೆ ಕರೆದು, ಮನೆಗೆ ಕರೆದುಕೊಂಡು ಹೋಗಿ ಅಂದರು. ಅದರ ಅರ್ಥ ನಮಗಿಬ್ಬರಿಗೂ ಆಯಿತು. ಅವನಿಗೆ ಮಾತ್ರ ಹೇಳಲಿಲ್ಲ. ‘ಗಾಳಿ ಬದಲಾವಣೆ ಆದರೆ ಸರಿಹೋಗುತ್ತೆ ಅಂದ್ರು ಕಣ್ಲಾ’ ಅಂತ ನಾನೇ ಸುಳ್ಳು ಹೇಳಿದೆ. ಬಸ್ಸಿನಲ್ಲಿ ಬರುವಾಗ ಅವನು ಕಿಟಕಿಗೆ ತಲೆಯಿಟ್ಟು ಕೂತಿದ್ದ.

ಮಲಗಿದವನಿಗೆ ಹೊತ್ತು ಹೋಗಬೇಕಲ್ಲ? ನನ್ನ ಹಳೆಯ ಟ್ರಾನ್ಸಿಸ್ಟರ್ ತಂದುಕೊಟ್ಟೆ. (ಲೈಸೆನ್ಸ್ ನನ್ನ ಹೆಸರಿನಲ್ಲೇ ಇದೆ, ಅಂಚೆ ಕಚೇರಿಯವರು ಇದನ್ನು ಓದುತ್ತಿದ್ದರೆ ತಿಳಿದಿರಲಿ.) ಆಗ ನಮ್ಮ ಕಡೆಯ ಸ್ಟೇಷನ್ನಿನಲ್ಲಿ ‘ದಳವಾಯಿ ಮನೆಯ ಬೀಗ’ ಶುರುವಾಗುವುದರಲ್ಲಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಎರಡೂವರೆಗೆ. ಅದಕ್ಕೂ ಹಿಂದೆ ಅದು ಬೆಂಗಳೂರಿನಿಂದ ಒಂದು ಸಲ ಬಂದಿತ್ತು. ಇಲಾಖೆಯ ಟ್ರೈನಿಂಗ್ ಅಂತ ನಾನು ಅಲ್ಲೇ ಇದ್ದೆನಾದ್ದರಿಂದ ಹದಿಮೂರು ಕಂತೂ ಕೇಳಿದ್ದೆ. ‘ಇದನ್ನ ಬಿಡಬ್ಯಾಡ ಕಣ್ಲಾ, ಭಾರಿ ಚೆನ್ನಾಗದೆ’ ಅಂತ ಶಿಫಾರಸು ಮಾಡಿದೆ. ಊರಿಗೆಲ್ಲ ಮಾಡುವವನು ಗೆಳೆಯನಿಗೆ ಮಾಡದೆ ಇರುತ್ತೇನೆಯೇ?

ಕತೆ ಹೇಳಿಬಿಡುತ್ತೇನೆ, ಹೇಗೂ ಕೊನೆ ಹೇಳಿಯಾಗಿದೆ. ರಾಜರ ಕಾಲ. ದಳವಾಯಿಯ ಮನೆಯಲ್ಲಿ ಬೊಕ್ಕಸದ ಕೋಣೆ. ಅದಕ್ಕೆ ಅವತ್ತಷ್ಟೇ ಹೊಸ ಬೀಗ ಹಾಕಿದ್ದಾರೆ. ಸಂಜೆ ಹೊತ್ತಿಗೆ ಹೊರಗಿನಿಂದ ಬೀಗ ಬಿದ್ದಿದೆ, ಒಳಗೆ ಬೊಕ್ಕಸದ ಕರಣಿಕ ಸತ್ತು ಬಿದ್ದಿದ್ದಾನೆ. ಬೀಗದ ಕೈ ಸತ್ತವನ ಸೊಂಟದಲ್ಲೇ ಇದೆ. ಬೀಗವನ್ನು ಕೊಡಲಿಯಿಂದ ಚೂರುಚೂರು ಮಾಡಿ ಬಾಗಿಲು ತೆಗೆಯುತ್ತಾರೆ. ಹಾಗಾದರೆ ಹೊರಗಿನಿಂದ ಬೀಗ ಹಾಕಿದವನು ಯಾರು? ಅವನ ಹತ್ತಿರ ಇನ್ನೊಂದು ಬೀಗದ ಕೈ ಇರಲೇಬೇಕು. ಇನ್ನೊಂದನ್ನು ಮಾಡಬಲ್ಲವನು ಬೀಗ ಮಾಡಿದ ಕಮ್ಮಾರ. ಆ ಕಮ್ಮಾರ ಸುದ್ದಿ ಕೇಳಿದವನೇ ಊರು ಬಿಟ್ಟು ಓಡಿಹೋಗಿದ್ದಾನೆ. ಇನ್ನೇನು ಬೇಕು? ಸಿಪಾಯಿಗಳು ಹತ್ತು ವಾರ ಅವನನ್ನು ಕಾಡುಮೇಡಿನಲ್ಲಿ ಹುಡುಕುತ್ತಾರೆ. ಮನೆಯ ಮೇಲ್ವಿಚಾರಣೆ ನೋಡುವ ಪಾರುಪತ್ತೇಗಾರ ಪ್ರತಿ ಕಂತಿನಲ್ಲೂ ಸತ್ತವನಿಗಾಗಿ ಅಳುತ್ತಾನೆ.

ನೀವು ಈಗ ನನ್ನನ್ನು ಕೇಳಬಹುದು. ಇಪ್ಪತ್ತು ವರ್ಷ ಕಳ್ಳನ ಹಣೆಪಟ್ಟಿ ಹೊತ್ತ ಕಮ್ಮಾರನಿಗೆ ಈ ನಾಟಕ ಕೇಳು ಅಂತ ಹೇಳಿದೆಯಲ್ಲ, ನಿನಗೆ ತಲೆ ಇತ್ತೇ? ತಲೆ ಇತ್ತು. ಅದರ ತುಂಬ ನಾಟಕವೇ ಇತ್ತು. ಜವಳಿ ಅಂಗಡಿಯ ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅಂತ ನನಗೆ ಹೊಳೆಯಲಿಲ್ಲ.

ವಾರ ಬಿಟ್ಟು ವಾರ ಭಾನುವಾರ ಬಸ್ಸು ಹಿಡಿದು ಸರಗೂರಿಗೆ ಹೋಗುತ್ತಿದ್ದೆ. ಗೌರಮ್ಮ ಅವನ ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸುತ್ತಿದ್ದಳು. ಟ್ರಾನ್ಸಿಸ್ಟರನ್ನು ಎದೆಯ ಹತ್ತಿರ ಇಟ್ಟುಕೊಂಡು ಕೇಳುತ್ತಿದ್ದ. ನಾಟಕದ ಅರ್ಧ ಗಂಟೆ ಅವನು ಕೆಮ್ಮನ್ನು ತಡೆದುಕೊಳ್ಳುತ್ತಿದ್ದ. ಸಂಗೀತ ಬಂದ ಮೇಲೆ ಎಲ್ಲ ಕೆಮ್ಮನ್ನೂ ಒಟ್ಟಿಗೆ ಕೆಮ್ಮುತ್ತಿದ್ದ.

ಮೂರನೇ ವಾರ ನಾಟಕ ಮುಗಿದ ಮೇಲೆ, ಅಟ್ಟದ ಮೇಲಿನ ಡಬ್ಬಿ ಇಳಿಸು ಅಂತ ಹೆಂಡತಿಗೆ ಹೇಳಿದ. ಅವಳು ನನ್ನ ಮುಖ ನೋಡಿದಳು. ಆ ಡಬ್ಬಿ ಅಷ್ಟು ವರ್ಷ ಕೆಳಗೆ ಇಳಿದಿರಲಿಲ್ಲ. ಇಳಿಸಿದಳು. ನಂಜುಂಡ ಅದರಿಂದ ಎರಡು ಬೀಗ ತೆಗೆದ.

‘ಇದ್ನ ನೋಡ್ಲಾ’ ಅಂದ. ‘ಇದು ತಿರುಗ್ಸಿ ಆಕೋ ಬೀಗ. ಕೈ ಇಲ್ದೆ ಬೀಳಾಕಿಲ್ಲ. ಇದು ನೋಡು, ಒತ್ತುದ್ರೆ ಬಿದ್ದೋಯ್ತದೆ. ಕೈ ಬೇಕಾಗಿರೋದು ತೆಗ್ಯಕ್ಕೆ, ಆಕಕ್ಕಲ್ಲ.’

ಒತ್ತಿದ. ಟಕ್ ಅಂತು.

‘ಕೇಳುದ್ಯಾ? ಮೊದ್ಲನೇ ವಾರ ಆ ಬಾಗ್ಲು ಆಕ್ದಾಗ ಇದೇ ಸದ್ದು ಬಂತು. ಒಂದೇ ಸಲ ಟಕ್ ಅಂತು. ಅದು ಒತ್ತೋ ಬೀಗ ಕಣ್ಲಾ. ಅಂದ್ಮೇಲೆ ಇನ್ನೊಂದ್ ಕೈ ಯಾಕ್ಬೇಕು? ಒಳಗೋಗಿ ಕೊಂದು, ಈಚೆ ಬಂದು, ಒತ್ತಿ ಓದ. ಯಾರ್ ಬೇಕಾದ್ರೂ ಆಗ್ಬೋದು. ನಂಗೇನೋ ಆ ಅಳ್ತಾನಲ್ಲ, ಪಾರುಪತ್ತೇಗಾರ, ಅವ್ನ ಮೇಲೇ ಅನುಮಾನ. ಕಮ್ಮಾರ ಅಲ್ಲ.’

‘ಅಲ್ದಿದ್ರೆ ಓಡೋಗಿದ್ದು ಯಾಕೆ?’ ಅಂದೆ ನಾನು.

‘ಯೆದ್ರಿಕೊಂಡು ಓಡೋದ. ಯೆದ್ರಿಕೆ ಆಗಲ್ವೇನ್ಲಾ ಮನ್ಸನ್ಗೆ?’

ಕೊನೆಯ ಕಂತಿನಲ್ಲಿ ಓಲೆ ಒಯ್ಯುವ ಮುದುಕ ಹರಿಕಾರನೊಬ್ಬ ದಳವಾಯಿಯ ಎದುರು ನಿಂತು ಬಿಡಿಸಿ ಹೇಳುವುದು ಇದನ್ನೇ. ಸದ್ದಿನ ಸಮೇತ. ಬೆಂಗಳೂರಿನಲ್ಲಿ ಹದಿಮೂರು ಕಂತು ಕೇಳಿದ ನನಗೆ ಕೊನೆಯ ಹತ್ತು ನಿಮಿಷದವರೆಗೆ ಹೊಳೆಯದೆ ಇದ್ದದ್ದನ್ನು ಇವನು ಹಾಸಿಗೆಯಲ್ಲಿ ಮಲಗಿ ಮೂರನೇ ವಾರಕ್ಕೇ ಹೇಳಿಬಿಟ್ಟಿದ್ದ. ಸತ್ಯ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು. ಪತ್ತೇದಾರಿ ಕತೆಗಳ ಬಗ್ಗೆ ವಾರವಾರ ಬರೆಯುವವನು ನಾನು ತಾನೇ?

‘ನೀನ್ ಪೂರ್ತಿ ಕೇಳಿದ್ದೀಯಲ್ಲ’ ಅಂದ ನಂಜುಂಡ. ‘ಒಂದ್ ಮಾತ್ ಯೋಳ್ಬುಡು. ಸರಿ ಅನ್ನು, ಇಲ್ಲ ತಪ್ಪು ಅನ್ನು. ಅಷ್ಟೇ.’

ಒಂದು ಮಾತು. ಗೌರಮ್ಮ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವನ ಕೈಯಲ್ಲಿ ಬೀಗ ಇತ್ತು.

ನಾನು ನಕ್ಕೆ. ಅಭಿಮಾನಿಗಳು ನಗುವ ನಗೆ ಇದೆಯಲ್ಲ, ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವನನ್ನು ಆಟ ಆಡಿಸುವ ನಗೆ, ಅದನ್ನೇ ನಕ್ಕೆ. ‘ಅಷ್ಟು ಸಲೀಸಾಗಿದ್ರೆ ಹದಿಮೂರು ವಾರ ಯಾಕ್ಲಾ ಎಳೀತಿದ್ರು? ಇನ್ನೂ ವಸಿ ಯೋಚ್ನೆ ಮಾಡು’ ಅಂದೆ.

ಅವನು ಬೀಗವನ್ನೇ ನೋಡುತ್ತಾ ಕೂತ. ‘ಅಂಗಂತೀಯಾ?’ ಅಂದ. ಆಮೇಲೆ ಎರಡೂ ಬೀಗಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

ಐದನೇ ವಾರ ಹೋದಾಗ ಮತ್ತೆ ಕೇಳಿದ. ಮತ್ತೆ ನಕ್ಕೆ. ಏಳನೇ ವಾರ ಕೇಳಲಿಲ್ಲ. ಒಂಬತ್ತನೇ ವಾರದಲ್ಲಿ ಸಿಪಾಯಿಗಳು ಕಮ್ಮಾರನ ಗುಡಿಸಲಿಗೆ ಬೆಂಕಿ ಇಡುವ ದೃಶ್ಯ ಬಂತು. ಮುಗಿದ ಮೇಲೆ ನಂಜುಂಡ ಟ್ರಾನ್ಸಿಸ್ಟರ್ ಆರಿಸಿ ಹೇಳಿದ: ‘ಅವ್ನೇ ಮಾಡಿರ್ಬೋದು ಬುಡು. ಬೀಗ ಗೊತ್ತಿರೋನು ಅವ್ನೇ ತಾನೆ. ಕತೆ ಬರ್ದೋರು ನಮ್ಗಿಂತ ತಿಳ್ಕೊಂಡಿರ್ತಾರೆ.’

ನನಗೆ ಆಗ ಏನನ್ನಿಸಿತು ಗೊತ್ತೇ? ನಾಟಕಕಾರನಿಗೆ ಭಲೇ ಅನ್ನಬೇಕು ಅನ್ನಿಸಿತು. ಇಂಥವನನ್ನೂ ದಾರಿ ತಪ್ಪಿಸಿದನಲ್ಲ ಎಂದು. ದಾರಿ ತಪ್ಪಿಸಿದವನು ನಾಟಕಕಾರನಲ್ಲ, ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದ ನಾನು. ಅದು ಹೊಳೆಯಲಿಲ್ಲ. ಸಾಲದು ಅಂತ ಆ ವಾರದ ಅಂಕಣದಲ್ಲಿ ಬರೆದೂ ಬಿಟ್ಟೆ. ನಿಮಗೆ ನೆನಪಿರಬಹುದು: ‘ಬೀಗಗಳ ಒಳಹೊರಗು ಬಲ್ಲ ನನ್ನ ಗೆಳೆಯನೊಬ್ಬ ಸರಗೂರಿನಲ್ಲಿ ಸೋಲೊಪ್ಪಿಕೊಂಡಿದ್ದಾನೆ. ಇನ್ನು ನಿಮ್ಮ ಪಾಡೇನು?’ ಸಾಲಿಗ್ರಾಮದಿಂದ ಹುಣಸೂರಿನವರೆಗೆ ಓದುಗರು ನಕ್ಕರು. ಕಾರ್ಡು ಬರೆದರು. ಪತ್ರಿಕೆಯನ್ನು ನಂಜುಂಡನಿಗೂ ಕೊಟ್ಟುಬಂದಿದ್ದೆ. ಪೇಪರಿನಲ್ಲಿ ಬಂದಿದ್ದೀಯ ಕಣ್ಲಾ ಅಂತ.

ಹನ್ನೆರಡನೇ ಕಂತು ಬಂದ ಮೂರನೇ ದಿನ, ಬುಧವಾರ ಬೆಳಿಗ್ಗೆ, ನಂಜುಂಡ ಹೋದ. ಸರಗೂರಿನಿಂದ ಬಂದ ಬಸ್ಸಿನ ಕಂಡಕ್ಟರು ಕಚೇರಿಗೇ ಬಂದು ಹೇಳಿದ. ಅವತ್ತೇ ಹೋಗಿ ಮಣ್ಣು ಹಾಕಿ ಬಂದೆ.

ಭಾನುವಾರ ಮತ್ತೆ ಹೋದೆ. ಮನೆಯಲ್ಲಿ ಗೌರಮ್ಮ ಒಬ್ಬಳೇ ಇದ್ದಳು, ನೆಂಟರು ಆಗಷ್ಟೇ ಉಂಡು ಎದ್ದುಹೋಗಿದ್ದರು. ಕುಲುಮೆಯ ತಿದಿ ಗೋಡೆಗೆ ಒರಗಿತ್ತು. ಎರಡೂವರೆ ಹತ್ತಿರವಾಯಿತು. ನನಗೆ ನೆನಪಿತ್ತು, ಆದರೆ ಸಾವಿನ ಮನೆಯಲ್ಲಿ ರೇಡಿಯೊ ಹಾಕುವುದುಂಟೇ?

ಅವಳೇ ಟ್ರಾನ್ಸಿಸ್ಟರ್ ತಂದು ನನ್ನ ಮುಂದಿಟ್ಟಳು. ‘ಆಕಿ ಅಣ್ಣಯ್ಯ’ ಅಂದಳು. ‘ಅವ್ರು ಇದ್ನೇ ಕಾಯ್ತಿದ್ರು. ಮಂಗಳವಾರ ಮಧ್ಯಾಹ್ನ ನನ್ ಕೂಡೆ ಅಂದ್ರು. ಕತೇಲೂ ಕಮ್ಮಾರನ್ನೇ ಇಡೀತಾರೆ ಕಣೇ, ಎಲ್ಲೋದ್ರೂ ಕಮ್ಮಾರನ್ನೇ ಇಡ್ಯೋದು, ಅಂತ. ಆಮೇಕೆ ಗ್ವಾಡೆ ಕಡೆ ತಿರುಕ್ಕೊಂಡ್ ಮನೀಕೊಂಡ್ರು.’

ಹಾಕಿದೆ. ಸಣ್ಣಗೆ ಇಟ್ಟೆ. ಮುದುಕ ಹರಿಕಾರ ದಳವಾಯಿಯ ಎದುರು ನಿಂತ. ಅಂಥದೇ ಇನ್ನೊಂದು ಬೀಗ ತರಿಸಿದ. ‘ಮಹಾಸ್ವಾಮಿ, ಇದಕ್ಕೆ ಬೀಗದ ಕೈ ಏಕೆ?’ ಅಂದ. ಒತ್ತಿದ. ಟಕ್ ಅಂತು. ಪಾರುಪತ್ತೇಗಾರನ ಅಳು ನಿಂತಿತು. ಕಾಡಿನಿಂದ ಕಮ್ಮಾರನನ್ನು ಗೌರವದಿಂದ ಕರೆತರಲು ಪಲ್ಲಕ್ಕಿ ಹೊರಟಿತು. ಸಂಗೀತ.

ಬೆಂಗಳೂರಿನಲ್ಲಿ ಈ ಜಾಗಕ್ಕೆ ನಾನು ಚಪ್ಪಾಳೆ ತಟ್ಟಿದ್ದೆ.

ಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳುತ್ತಿದ್ದಳು. ‘ಅಂಗಾದ್ರೆ ಕಮ್ಮಾರ ಅಲ್ವಾ?’ ಅಂದಳು.

‘ಅಲ್ಲಮ್ಮ.’

‘ಇವ್ರು ಅಂದಿದ್ದೇ ಸರಿನಾ?’

‘ಸರಿ. ಪೂರ್ತಿ ಸರಿ.’

‘ನಿಮ್ಗೆ ಅವತ್ತೇ ಗೊತ್ತಿತ್ತಾ?’

‘ಗೊತ್ತಿತ್ತು’ ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಟ್ರಾನ್ಸಿಸ್ಟರನ್ನು ಬಟ್ಟೆಯಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ‘ಯೋಳ್ಬೋದಾಗಿತ್ತಲ್ಲ ಅಣ್ಣಯ್ಯ’ ಅಂದಳು. ಅಷ್ಟೇ.

ಹೊರಡುವಾಗ ತಗಡಿನ ಡಬ್ಬಿಯನ್ನೂ ಕೊಟ್ಟಳು. ಮನೆಯಲ್ಲಿ ಇನ್ನು ಯಾರಿಗೆ ಬೇಕು, ನೀವಾದರೂ ಇಟ್ಟುಕೊಳ್ಳಿ ಅಂತ. ಮನೆಗೆ ಬಂದು ತೆಗೆದು ನೋಡಿದೆ. ಬೀಗಗಳ ಅಡಿಯಲ್ಲಿ ಆ ವಾರದ ಪತ್ರಿಕೆ ಮಡಿಸಿಟ್ಟಿತ್ತು. ಸೋಲೊಪ್ಪಿಕೊಂಡಿದ್ದಾನೆ ಅಂತ ನಾನು ಬರೆದ ಪುಟವನ್ನೇ ಮೇಲೆ ಮಾಡಿ ಮಡಿಸಿದ್ದರು. ಅದನ್ನು ಓದಿಕೊಂಡನೋ, ಹೆಂಡತಿ ಓದಿ ಹೇಳಿದಳೋ, ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ಆಮೇಲೆ ತುಂಬ ಯೋಚಿಸಿದ್ದೇನೆ. ಇದು ನಾಟಕದ ಚಟವೊಂದರಿಂದಲೇ ಬಂದ ಬುದ್ಧಿಯಲ್ಲ. ಇಪ್ಪತ್ತೆರಡು ವರ್ಷದಿಂದ ಸರ್ಕಾರಿ ಕುರ್ಚಿಯಲ್ಲಿ ಕೂತಿದ್ದೇನೆ. ಕಾಡಂಚಿನ ಹಾಡಿಯಿಂದ ಜನ ಬೆಳಿಗ್ಗೆ ನಡೆದು ಹೊರಟು ಮಧ್ಯಾಹ್ನಕ್ಕೆ ಬಂದು ಮೇಜಿನ ಮುಂದೆ ನಿಲ್ಲುತ್ತಾರೆ. ‘ನನ್ ಅರ್ಜಿ ಏನಾಯ್ತು ಸ್ವಾಮಿ?’ ಅನ್ನುತ್ತಾರೆ. ಏನಾಗಿದೆ ಅಂತ ನನಗೆ ಗೊತ್ತಿರುತ್ತದೆ. ಮಂಜೂರಾಗಿದೆ, ಅಥವಾ ಇಲ್ಲ. ಆದರೂ ಬಾಯಿಗೆ ಬರುವ ಮಾತು ಒಂದೇ: ‘ನೋಡೋಣ, ಸಾಹೇಬರು ಬರಲಿ.’ ಆಗ ಎದುರಿಗಿದ್ದವರು ಕೈಕಟ್ಟಿಕೊಂಡು ನಿಲ್ಲುತ್ತಾರೆ. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಅನ್ನುವ ಆ ಸುಖವನ್ನು ನಾನು ಅಷ್ಟು ವರ್ಷ ಕೆಲಸ ಅಂದುಕೊಂಡಿದ್ದೆ. ನೀವು ಯಾವ ಕುರ್ಚಿಯಲ್ಲಿ ಕೂತಿದ್ದೀರೋ ನನಗೆ ಗೊತ್ತಿಲ್ಲ. ಒಂದು ಸಲ ನೋಡಿಕೊಳ್ಳಿ.

ನಂಜುಂಡನಿಗೆ ನಾವು ಬಚ್ಚಿಟ್ಟದ್ದು ಎರಡು ಕೊನೆಗಳನ್ನು. ಅವನ ಕಾಯಿಲೆಯದು ಮೊದಲನೆಯದು. ಅದನ್ನು ಹೇಳುವ ಎದೆಗಾರಿಕೆ ನಮಗಿರಲಿಲ್ಲ, ಅದಕ್ಕೆ ಕ್ಷಮೆ ಇರಬಹುದು. ಬಹುಶಃ ಅವನಿಗೆ ತಾನಾಗಿಯೇ ಗೊತ್ತಿತ್ತು. ಇಲ್ಲದಿದ್ದರೆ ಹದಿಮೂರನೇ ವಾರದವರೆಗೆ ಕಾಯಬಲ್ಲವನು ಮೂರನೇ ವಾರಕ್ಕೇ ಯಾಕೆ ಅಷ್ಟು ಅಂಗಲಾಚಿ ಕೇಳುತ್ತಿದ್ದ? ಎರಡನೆಯದನ್ನು ಮಾತ್ರ ನಾನು ಬೇಕೆಂದೇ ಬಚ್ಚಿಟ್ಟೆ. ಇಪ್ಪತ್ತು ವರ್ಷ ಅವನ ಊರು ಅವನಿಗೆ ಹೇಳದೆ ಇದ್ದ ಮಾತನ್ನು, ಕಮ್ಮಾರ ಅಲ್ಲ ಅನ್ನುವ ಮಾತನ್ನು, ಒಂದು ರೇಡಿಯೊ ನಾಟಕದ ನೆವದಲ್ಲಾದರೂ ಕೇಳಿಸಿಕೊಂಡು ಹೋಗಬೇಕು ಅಂತ ಅವನಿಗಿತ್ತು. ಹೇಳಬೇಕಾಗಿದ್ದವನು ನಾನು.

ಆದ್ದರಿಂದ ಈ ವಾರದ ಶಿಫಾರಸು. ಭಾನುವಾರ ಮಧ್ಯಾಹ್ನ ಎರಡೂವರೆಗೆ ‘ದಳವಾಯಿ ಮನೆಯ ಬೀಗ’ ತಪ್ಪದೆ ಕೇಳಿ. ಮೊದಲ ಕಂತಿನಲ್ಲಿ ಬಾಗಿಲು ಹಾಕುವ ಸದ್ದಿಗೆ ಕಿವಿ ಕೊಡಿ. ಕೊನೆ ಗೊತ್ತಿದ್ದರೆ ಮಜಾ ಹೋಗುತ್ತದೆ ಅನ್ನುವುದು ಸುಳ್ಳು. ಅದು ಹೋಗುವುದಿಲ್ಲ, ಈಗ ನಾನು ಮೂರನೇ ಸಲ ಕೇಳಲಿದ್ದೇನೆ. ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಯಾರಾದರೂ ಹಾಸಿಗೆ ಹಿಡಿದವರಿದ್ದರೆ ಅವರನ್ನೂ ಕೂರಿಸಿ ಕೇಳಿಸಿ. ಕೇಳಿಸುವ ಮೊದಲೇ ಕೊನೆ ಹೇಳಿಬಿಡಿ. ಕಮ್ಮಾರ ಏನೂ ಮಾಡಿಲ್ಲ ಅಂತ ಎರಡು ಸಲ ಹೇಳಿ.

ಡಬ್ಬಿಯ ಆ ಒತ್ತುವ ಬೀಗ ಈಗ ನನ್ನ ಬರೆಯುವ ಮೇಜಿನ ಮೇಲಿದೆ. ಇದನ್ನು ಬರೆಯುತ್ತಾ ನಾಲ್ಕೈದು ಸಲ ಒತ್ತಿ ನೋಡಿದೆ. ಪ್ರತಿ ಸಲವೂ ಅವನು ಹೇಳಿದಂತೆಯೇ ಬೀಳುತ್ತದೆ.

‘ಸರಿಯಾಗಿ ಹೇಳ್ದೆ ಕಣ್ಲಾ ನಂಜುಂಡ’ ಅನ್ನುವುದಕ್ಕೆ ನನಗೇನು ಧಾಡಿಯಾಗಿತ್ತು?